ಒದ್ದೆ ಬಟ್ಟೆಯ ಅವರೆ

ಆ ಬೆಟ್ಟದ ಅವರೆಕಾಳಿಗೆ ನಮ್ಮ ತವರಿನಲ್ಲಿ ಕರಿಗಣ್ಣೋ, ಕರಿಮೂಗೋ, ಏನೋ ಹೆಸರಿತ್ತು. ಪುಣೆಗೆ ಬಂದು ಮರೆತೆ. ಹೋದ ವರ್ಷ ತವರಿಗೆ ಹೋದಾಗ ಅತ್ತಿಗೆಯ ಮನೆಯಲ್ಲಿ ಕೃಷಿ ವಿಜ್ಞಾನಿಯೊಬ್ಬಳು ತಂಗಿದ್ದಳು. ಬೆಟ್ಟದವರು ಬೂದಿಯಲ್ಲಿ ಕಾಯ್ದಿಟ್ಟ ಬೀಜವನ್ನು ಪರೀಕ್ಷಿಸಿ, ಅವರ ಪದ್ಧತಿಯಲ್ಲೇ ಬಿತ್ತುವುದು ಅವಳ ಕೆಲಸ. ಅಲೆದಾಡಿ ತಂದ ಒಂದೇ ಸೇರು ಅವರೆಯಲ್ಲಿ ಅರ್ಧವನ್ನು ಮೊಳಕೆ ನೋಡಲು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಹೊಲಕ್ಕೆ ಹೋದಳು. ನೆನೆದ ಅವರೆ ಕಂಡರೆ ಅತ್ತಿಗೆ ಬಿಡುತ್ತಾಳೆಯೇ? ಹಿತುಕಿ ಸಾರು ಮಾಡಿದಳು.

ಹುಡುಗಿ ಬಂದು ಖಾಲಿ ಬಟ್ಟೆ ನೋಡಿ ಕಂಗಾಲಾದಳು. "ಅಕ್ಕಾ, ನನ್ನ ಬೀಜ ಎಲ್ಲಿ?"

"ತಟ್ಟೇಲೈತೆ ಅಮ್ಮಣಿ, ಮೊದ್ಲು ಉಣ್ಣು."

ಮುಖ ಊದಿಸಿಕೊಂಡೇ ಉಂಡಳು. ಆಮೇಲೆ ಇನ್ನೊಂದು ಸೌಟು ಕೇಳಿದಳು. "ಬೆಟ್ಟದವರು ಇದನ್ನು ಯಾಕೆ ಬಿಟ್ಟಿಲ್ಲ ಅಂತ ಈಗ ತಿಳೀತು," ಎಂದು ನಕ್ಕು, ಉಳಿದರ್ಧವನ್ನು ಅತ್ತಿಗೆಯ ಕೈಗೆ ಸಿಗದಂತೆ ಅವತ್ತೇ ಬಿತ್ತಿಬಿಟ್ಟಳು. ಈಗ ಗುಡ್ಡದ ತುಂಬ ಅವರೆಯಂತೆ.

ಮೊಮ್ಮಗಳೇ, ಇದೊಂದು ಬರೆದುಕೊ: ಆ ಸಾರಿಗೆ ಬೆಳ್ಳುಳ್ಳಿ ಜಾಸ್ತಿ ಇರಬೇಕು.