ಸಾಯಬಣ್ಣನ ಎಡ ಭುಜ

ದೊಮ್ಮಲೂರಿನ ನಮ್ಮ ವಠಾರದ ಕೊನೆಯ ಕೋಣೆಯಲ್ಲಿ ಬಾಡಿಗೆಗಿರುವ ಜಟ್ಟೆಮ್ಮ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದಕ್ಕೆ ಬಟ್ಟೆ ಹೊಲಿದುಕೊಡುತ್ತಾಳೆ. ಯಾದಗಿರಿ ಕಡೆಯವಳು. ಹತ್ತು ಮಾತಾಡಬೇಕಾದಲ್ಲಿ ಒಂದು ಆಡುವವಳು. ಉಳಿದ ಒಂಬತ್ತನ್ನೂ ನಾನೇ ಆಡಿ ಸರಿಮಾಡುತ್ತೇನೆ.

ಎರಡು ವರ್ಷದ ಹಿಂದೆ ಅವಳ ಗಂಡ ಸಾಯಬಣ್ಣ ಗೋಡೆ ಕುಸಿದು ಸತ್ತ. ಶಿವಾಜಿನಗರದಲ್ಲಿ ಮೂಟೆ ಹೊರುತ್ತಿದ್ದ ಹಮಾಲಿ. ಗೋಡೆ ಬಿದ್ದಾಗ ಬುತ್ತಿ ತಂದಿದ್ದ ಜಟ್ಟೆಮ್ಮ ಹತ್ತು ಮಾರು ದೂರದಲ್ಲಿ ನಿಂತಿದ್ದಳು. ಅಂದಿನಿಂದ ಅವಳು ಕಣ್ಣು ಮುಚ್ಚಿದರೆ ಗಂಡನ ಮುಖವಿಲ್ಲ, ಊರ ಮನೆಯಿಲ್ಲ, ಬರೀ ಕತ್ತಲೆ. ಮೊಬೈಲಿನ ಫೋಟೊ ನೋಡುತ್ತಾಳೆ. ಕಣ್ಣು ಮುಚ್ಚಿದ ಕೂಡಲೇ ಅದೂ ಅಳಿಸಿಹೋಗುತ್ತದೆ.

“ಇಪ್ಪತ್ತು ವರ್ಷ ಬಾಳೇವು ಮಾಡೀನಿ. ಮಾರಿ ನೆನಪಿಗೆ ಬರಂಗಿಲ್ರಿ ಹಂಸಕ್ಕಾರ. ನಾ ಎಂಥ ಹೆಂಡ್ತಿ?” ಎಂದು ಒಂದು ದಿನ ನನ್ನೆದುರು ಅತ್ತಳು.

ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರ್ ಪ್ರಿಯದರ್ಶಿನಿ, “ಕಣ್ಮುಚ್ಚಿ ನಿಮಗಿಷ್ಟವಾದ ಜಾಗ ನೆನೆಸ್ಕೊಳ್ಳಿ. ಕಾಣ್ತಾ?” ಎಂದರು. “ಹೂನ್ರಿ” ಎಂದಳು. ಶುದ್ಧ ಸುಳ್ಳು. ಹೊರಗೆ ಬಂದ ಮೇಲೆ ಚೆನ್ನಾಗಿ ಬೈದೆ. ಮರುವಾರ ಪಕ್ಕದಲ್ಲೇ ಕೂತು ನಿಜ ಹೇಳಿಸಿದೆ.

“ದೊಡ್ಡ ಆಘಾತ ಆದ್ಮೇಲೆ ಕೆಲವರಿಗೆ ಹೀಗಾಗುತ್ತಮ್ಮ. ಚಿತ್ರ ಬರ್ಲಿಲ್ಲ ಅಂದ್ರೆ ಮರ್ತ್ರಿ ಅಂತಲ್ಲ,” ಎಂದರು ಡಾಕ್ಟರ್.

ಜಟ್ಟೆಮ್ಮ ನಂಬಲಿಲ್ಲ. ತಪ್ಪು ಮಾಡಿದವಳಂತೆ ತಲೆ ತಗ್ಗಿಸಿಯೇ ಓಡಾಡಿದಳು.

ಮಹಾಲಯ ಅಮಾವಾಸ್ಯೆ ಬಂತು. ಸತ್ತವರ ಎಡೆಗೆ ಹೊಸ ಬಟ್ಟೆ ಇಟ್ಟು, ಆಮೇಲೆ ಅದನ್ನು ಮಗ ತೊಡುವುದು ಅವರ ಮನೆಯ ಪದ್ಧತಿ. ಸಾಯಬಣ್ಣನ ಹಳೆಯ ಅಂಗಿಗಳನ್ನೆಲ್ಲ ಯಾರ್‍ಯಾರಿಗೋ ಕೊಟ್ಟಾಗಿತ್ತು, ಅಳತೆಗೆ ಒಂದೂ ಉಳಿದಿರಲಿಲ್ಲ. ಕಾಲೇಜು ಓದುವ ಮಗ ಭೀಮಾಶಂಕರನ ಅಳತೆಯನ್ನೇ ತೆಗೆದು ಬಿಳಿ ಅಂಗಿ ಹೊಲಿದಳು. ಪೂಜೆ ಮುಗಿದ ಮೇಲೆ ಅವನು ತೊಟ್ಟುಕೊಂಡ.

“ಅವ್ವ, ಎಡಗಡಿ ಭುಜ ಹಿಡಿತದ ನೋಡು.”

“ಊರಿಗೆಲ್ಲ ಹೊಲೀತೀಯ, ಸ್ವಂತ ಮಗನ ಅಂಗಿ ಕೆಡಿಸ್ಬಿಟ್ಯಲ್ಲ,” ಎಂದೆ ನಾನು. ನನ್ನ ಬಾಯಿಗೆ ಬೀಗವಿಲ್ಲ.

ಜಟ್ಟೆಮ್ಮ ಅಂಗಿ ಬಿಚ್ಚಿಸಿ ಎರಡೂ ಭುಜ ಜೋಡಿಸಿ ಹಿಡಿದಳು. ಎಡದ್ದು ಒಂದು ಬೆರಳಿನಷ್ಟು ಇಳಿಜಾರು. ಹೊಲಿಗೆ ಬಿಚ್ಚಲು ಬ್ಲೇಡು ತೆಗೆದುಕೊಂಡವಳು ಹಾಗೇ ಕೂತುಬಿಟ್ಟಳು.

“ಇದು ಅವರ ಭುಜರಿ ಅಕ್ಕಾರ. ಮೂಟಿ ಹೊತ್ತು ಹೊತ್ತು ಎಡಗಡಿ ಒಂದ್ ಬೆರಳು ಇಳಿದಿತ್ತು. ಅವರ ಅಂಗಿ ಯಾವಾಗ್ಲೂ ಹಿಂಗೇ ಕತ್ತರಸ್ತಿದ್ದೆ. ನಂಗ ಗೊತ್ತೇ ಇಲ್ದ ಕೈ ಕತ್ತರಿಸ್ಯದ.”

ಭೀಮಾಶಂಕರ ಅಂಗಿಯನ್ನು ಮತ್ತೆ ತೊಟ್ಟು, ಎಡ ಭುಜವನ್ನು ಸ್ವಲ್ಪ ಇಳಿಸಿ ನಿಂತ. ಅಂಗಿ ಸರಿಯಾಗಿ ಕೂತಿತು.

“ಅಪ್ಪ ಹಿಂಗ ನಿಂದರತಿದ್ನಾ ಅವ್ವ?”

“ಹೂಂ. ಹಿಂಗೇ.”

ಅವಳು ಕಣ್ಣು ಮುಚ್ಚಿ ಆ ಭುಜವನ್ನು ಸವರಿದಳು. ಆಗಲೂ ಏನೂ ಕಾಣಲಿಲ್ಲವಂತೆ. “ಇರ್ಲಿ ಬಿಡ್ರಿ ಅಕ್ಕಾರ,” ಎಂದು ಬ್ಲೇಡನ್ನು ಡಬ್ಬಿಗೆ ಹಾಕಿದಳು.