ನಿಲ್ಲಬಾರದ ಬಸ್ಸು

ಅವಳ ಪ್ಯಾಂಟಿಗೆ ಎಂಟು ಜೇಬು. ಎಂಟೂ ಉಬ್ಬಿಕೊಂಡು, ನಡೆದರೆ ಪಾತ್ರೆ ವ್ಯಾಪಾರಿ ಬಂದ ಹಾಗೆ ಸದ್ದಾಗುತ್ತಿತ್ತು: ಬ್ಯಾಟರಿ, ಬಟ್ಟೆ ಕ್ಲಿಪ್ಪು, ಟೇಪಿನ ಸುರುಳಿ, ಅರ್ಧ ತಿಂದ ಚಕ್ಕುಲಿ. ಒಂಬತ್ತನೆಯದನ್ನು ಹೊಲಿಸಲು ಕೊಪ್ಪದ ನನ್ನ ಟೈಲರ್ ಅಂಗಡಿಗೆ ಬಂದವಳು ನನ್ನ ಮುಖವನ್ನೇ ನೋಡಿ, "ಮಾವ, ನನ್ನ ಸಿನಿಮಾದಲ್ಲಿ ಅಪ್ಪ ಆಗ್ತೀರಾ?" ಅಂದಳು.

ನನಗೆ ಚಿಕ್ಕಂದಿನಿಂದ ಉಗ್ಗು. "ಆಗಲ್ಲ" ಎನ್ನಲು "ಆ... ಆ..." ಎಂದು ಶುರು ಮಾಡಿದೆ. ಪಕ್ಕದಲ್ಲಿ ಕಾಜಾ ಹಾಕುತ್ತಿದ್ದ ಹೆಂಡತಿ ರೂಢಿಯಂತೆ ನನ್ನ ಮಾತು ಮುಗಿಸಿಕೊಟ್ಟಳು. "ಆಗ್ತದಂತೆ!"

ನಮ್ಮ ಡೈರೆಕ್ಟರಮ್ಮ ಸೀತೂರಿನ ಕೃಷಿಕರ ಮನೆಯ ಹುಡುಗಿ. ನಿರ್ಮಾಪಕರಿಲ್ಲ, ಮದುವೆ ವಿಡಿಯೋ ತೆಗೆಯುತ್ತಲೇ ಎರಡು ವರ್ಷದಿಂದ ಈ ಸಿನಿಮಾ ಮಾಡುತ್ತಿದ್ದಳು. ಬೇಡದ ಸದ್ದು ಕೇಳಿದರೆ ಅವಳಿಗೆ ಜೀವ ಹೋಗುತ್ತಿತ್ತು. ಮೆಣಸೆಯ ಒಂದು ಮನೆಯಲ್ಲಿ ಶೂಟಿಂಗಿಗೆ ಸದ್ದಾಗಬಾರದೆಂದು ಫ್ರಿಜ್ ಬಂದ್ ಮಾಡಿದಳು; ಮತ್ತೆ ಹಾಕಲು ಮರೆಯಬಾರದೆಂದು ಬೈಕಿನ ಕೀ ಅದರೊಳಗಿಟ್ಟಳು. "ಕೀ ಬೇಕಂದ್ರೆ ಫ್ರಿಜ್ ನೆನಪಾಗ್ಲೇಬೇಕಲ್ಲ!" ಸಂಜೆ ಕೀ ಎಲ್ಲಿಟ್ಟೆನೆಂಬುದೇ ಮರೆತುಹೋಗಿ ಅಂಗಳವೆಲ್ಲ ಹುಡುಕಿದೆವು. ಆ ಮನೆಯ ಅಜ್ಜಿ ಹುಳಿಯಾದ ಮೊಸರಿನ ಜೊತೆ ಕೀಯನ್ನೂ ತಂದುಕೊಟ್ಟರು.

ಕೊನೆಯ ದೃಶ್ಯದಲ್ಲಿ, ಜಗಳವಾಡಿ ಮನೆ ಬಿಟ್ಟ ಮಗಳಿಗಾಗಿ ಅಪ್ಪ ಬಸ್ಸಿನ ಹಿಂದೆ ಓಡಬೇಕು. ಬಸ್ಸು ಸಿಗಬಾರದು. ನಿಜವಾದ ಶೃಂಗೇರಿ ಬಸ್ಸೇ ಆಗಬೇಕೆಂದು ಅವಳ ಹಟ. ಮಗಳ ಪಾತ್ರದ ಹುಡುಗಿಯೆದುರು ಕ್ಯಾಮೆರಾ ಹಿಡಿದು ಬಸ್ಸಿನೊಳಗೆ ಕೂತಳು. ನಾನು ಓಡಿದೆ. ಕಂಡಕ್ಟರ್ ವಿಶಲ್ ಊದಿ ನಿಲ್ಲಿಸಿಬಿಟ್ಟ.

"ಅಣ್ಣ, ನಾಳೆ ನಿಲ್ಲಿಸ್ಬೇಡಿ" ಎಂದು ಕೈಮುಗಿದಳು. ಮಾರನೆಯ ದಿನವೂ ನಿಂತಿತು.

"ಎಂತ ಮಾಡೋದು ಮಾರಾಯ್ತಿ," ಕಂಡಕ್ಟರ್ ನಾಚಿಕೊಂಡ, "ಓಡಿ ಬರೋರನ್ನ ಕಂಡ್ರೆ ಕೈ ತನ್ನಷ್ಟಕ್ಕೇ ವಿಶಲ್ಲಿಗೆ ಹೋಗ್ತದೆ."

ಮೂರನೆಯ ದಿನವೇ ಕೊನೆ. ಆಮೇಲೆ ಆ ಹುಡುಗಿಗೆ ಕಾಲೇಜು ಪರೀಕ್ಷೆ. ಕಂಡಕ್ಟರ್ ವಿಶಲ್ಲನ್ನು ಡೈರೆಕ್ಟರಮ್ಮನ ಕೈಗೇ ಕೊಟ್ಟ. ಆದರೆ ಪ್ರಯಾಣಿಕರಿಗೆ ಹೇಳುವವರು ಯಾರು? "ಜನ ಬಂತು, ನಿಲ್ಸಿ!" ಎಂದು ಬಸ್ಸಿನ ತಗಡು ಬಡಿದರು. ನಮ್ಮ ಪಕ್ಕದ ಹಳ್ಳಿ ನಾರ್ವೆಯ ಹೆಂಗಸೊಬ್ಬರು ಎದ್ದು ಹೋಗಿ ಡ್ರೈವರಿಗೇ ಬೈದರು. "ಕಣ್ಣಿಲ್ವಾ ನಿಮ್ಗೆ? ಪಾಪ, ಪ್ರಾಯ ಆದವ್ರು!"

ಬಸ್ಸು ನಿಂತಿತು. ಏದುಸಿರಲ್ಲಿ ಕಿಟಕಿಯ ಸರಳು ಹಿಡಿದೆ. ಕ್ಯಾಮೆರಾ ನಡೆಯುತ್ತಲೇ ಇತ್ತು, ಏನಾದರೂ ಹೇಳಬೇಕಲ್ಲ. "ಬಾ... ಬಾ... ಬಾ..."

ಆ ಹೆಂಗಸು ನನ್ನ ಮಾತು ಮುಗಿಸಲು ಬಾಯಿ ತೆರೆದರು. ಡೈರೆಕ್ಟರಮ್ಮ ಕೈ ಎತ್ತಿ ತಡೆದಳು. ಇಡೀ ಬಸ್ಸು ಸುಮ್ಮನೆ ಕಾಯಿತು. ನನ್ನ ಒಂದು ಮಾತಿಗಾಗಿ ಅಷ್ಟು ಜನ ಅಷ್ಟು ಹೊತ್ತು ಎಂದೂ ಕಾದಿರಲಿಲ್ಲ.

"ಬಾ ಮಗಾ, ಮ... ಮನೆಗೆ."

ಹುಡುಗಿ ನಿಜಕ್ಕೂ ಅತ್ತುಬಿಟ್ಟಳು. ಕಂಡಕ್ಟರೂ ಕಣ್ಣೊರೆಸಿಕೊಂಡು, "ಇಳಿಯೋದಾದ್ರೆ ಬೇಗ ಇಳೀರಿ, ಟೈಮಾಯ್ತು" ಎಂದ.

"ಕತೆ ಹಾ... ಹಾಳಾಯ್ತಲ್ಲ" ಎಂದೆ.

"ಇಲ್ಲ ಮಾವ. ನಮ್ಮೂರಲ್ಲಿ ಬಸ್ ನಿಲ್ತದೆ. ನಾನೇ ತಪ್ಪು ಬರ್ದಿದ್ದೆ."

ಸಿನಿಮಾವನ್ನು ಮೊದಲು ನರಸಿಂಹರಾಜಪುರದಲ್ಲಿ ತೋರಿಸಿದಳು. ಮುಗಿದ ಮೇಲೆ ನನ್ನನ್ನು ವೇದಿಕೆಗೆ ಎಳೆದು ಮೈಕು ಕೊಟ್ಟು, ಜನರ ಕಡೆ ತಿರುಗಿ, "ಇವ್ರು ನಿಧಾನಕ್ಕೆ ಮಾತಾಡ್ತಾರೆ, ನಮಗೆಂತ ಅವಸರ ಇಲ್ಲ" ಅಂದಳು. ಐವತ್ತು ದಾಟಿದ ಮೇಲೆ ಮೊದಲ ಬಾರಿ ನಾಲ್ಕು ಜನರೆದುರು ಬಾಯಿ ಬಿಟ್ಟೆ. ಹೆಸರು ಹೇಳಿದೆ, ಊರು ಹೇಳಿದೆ, ಅವಳು ಕಾದದ್ದನ್ನು ಹೇಳಿದೆ, ಹೊಲಿಗೆಯ ಕಷ್ಟಸುಖವೆಲ್ಲ ಹೇಳಿದೆ. ಮುಕ್ಕಾಲು ಗಂಟೆಯಾದ ಮೇಲೆ ಅವಳೇ ಮೆಲ್ಲಗೆ ಬಂದು ಕಿವಿಯಲ್ಲಿ ಹೇಳಬೇಕಾಯಿತು:

"ಮಾವ, ಕಟ್!"