ಆರೂವರೆಯೊಳಗೆ ಒಂದು ಮಿಸ್ಡ್ ಕಾಲ್

ಬೆಳಗಿನ ಐದೂಮುಕ್ಕಾಲು. ಇಸ್ತ್ರಿ ಪೆಟ್ಟಿಗೆಯೊಳಗಿನ ಕೆಂಡ ಆಗಷ್ಟೇ ಕೆಂಪೇರುತ್ತಿದೆ. ಮೇಜಿನ ಮೇಲಿನ ಹಳೆಯ ಫೋನು ಎರಡು ಸಲ ರಿಂಗಾಗಿ ಸುಮ್ಮನಾಗುತ್ತದೆ. ಇಸ್ತ್ರಿ ಅಣ್ಣ ಅದನ್ನು ಎತ್ತುವುದಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದು, ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಾರೆ.

“ಇದು ಡ್ರೈವರ್‌ದು. ನಿನ್ನೆ ಕುಡಿದಿಲ್ಲ, ಇವತ್ತೂ ಕುಡಿಯಲ್ಲ ಅಂತ ಅರ್ಥ. ಎತ್ತಿ ಮಾತಾಡ್ತಾ ಕೂತ್ರೆ ಇಸ್ತ್ರಿ ಯಾರು ಮಾಡ್ತಾರೆ?”

ಹೀಗೆ ದಿನಕ್ಕೆ ನೂರಿಪ್ಪತ್ತು ಬಟ್ಟೆ, ಇಪ್ಪತ್ತಮೂರು ಮಿಸ್ಡ್ ಕಾಲ್. ಎಲ್ಲರೂ ಕುಡಿತ ಬಿಟ್ಟು ವರ್ಷಗಳಾದವರೇ. ಆರೂವರೆಯೊಳಗೆ ಯಾರದಾದರೂ ಬರಲಿಲ್ಲವೆಂದರೆ ಅಣ್ಣ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, ಅವರ ಮನೆ ಬಾಗಿಲು ತಟ್ಟುತ್ತಾರೆ.

ವರ್ಷಗಳಾದವರಿಗೇಕೆ ಈ ಕಾವಲು? ಅಣ್ಣನ ಕಥೆಯೇ ಅದಕ್ಕೆ ಉತ್ತರ. ಕುಡಿತ ಬಿಟ್ಟು ಆರು ವರ್ಷವಾದಾಗ ಗೆದ್ದೆ ಎಂದು ಬೀಗಿದ್ದರಂತೆ. ಮಗ ತರಗತಿಗೆ ಮೊದಲಿಗನಾದ ದಿನ ಒಂದೇ ಒಂದು ಲೋಟವೆಂದು ಕೂತವರು ಮೇಲೆದ್ದದ್ದು ಎರಡು ವರ್ಷದ ನಂತರ. ಅಷ್ಟರಲ್ಲಿ ಅಂಗಡಿ ಕೈತಪ್ಪಿತ್ತು, ಮಗ ಮಾತು ಬಿಟ್ಟಿದ್ದ. “ದುಃಖದಲ್ಲಿ ಹುಷಾರಾಗಿರ್ತೀವಿ ಕಣ್ರೀ. ಖುಷೀಲೇ ಮೈಮರೆಯೋದು,” ಎನ್ನುತ್ತಾರೆ. ಆಗ ಅವರ ಒಡಹುಟ್ಟಿದ ಅಕ್ಕ ಬುದ್ಧಿ ಹೇಳಲಿಲ್ಲ. ದಿನಾ ಬೆಳಿಗ್ಗೆ ನನಗೊಂದು ಮಿಸ್ಡ್ ಕಾಲ್ ಕೊಡು, ಸಾಕು ಎಂದಳು. ಅದಕ್ಕೀಗ ಹನ್ನೊಂದು ವರ್ಷ. ಮಗ ಮತ್ತೆ ಮಾತಾಡುತ್ತಾನೆ.

ಇಂದು ಆರೂವರೆಯಾದರೂ ಗೋಡೆಯ ಮೇಲೆ ಇಪ್ಪತ್ತೆರಡೇ ಗೀಟು. ಬಾರದ್ದು ಪೇಂಟರ್‌ದು. ನಾಲ್ಕು ವರ್ಷದಿಂದ ತಪ್ಪಿಸದವನು. ನಿನ್ನೆಯಷ್ಟೇ ತಾತನಾದವನು. ಅದು ನೆನಪಾಗುತ್ತಲೇ ಅಣ್ಣ ಇಸ್ತ್ರಿ ಪೆಟ್ಟಿಗೆ ಎತ್ತಿಡುತ್ತಾರೆ. ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಡುತ್ತಾರೆ.

ಪೇಂಟರ್ ತನ್ನ ಮನೆಯ ಹೊರಗೇ ಮೆಟ್ಟಿಲ ಮೇಲೆ ಮುದುಡಿ ಕೂತಿದ್ದಾನೆ.

“ಫೋನು ಹೆಂಡ್ತಿ ಹತ್ರ ಆಸ್ಪತ್ರೇಲಿದೆ ಅಣ್ಣ. ಸ್ನೇಹಿತ್ರು ಖುಷಿಗೆ ಅಂತ ಬಾಟ್ಲಿ ಇಟ್ಟು ಹೋದ್ರು. ಮುಟ್ಟಿಲ್ಲ. ಆದ್ರೆ ಒಳಗೆ ಹೋಗೋಕೆ ಧೈರ್ಯ ಇಲ್ಲ.”

ಅಣ್ಣ ಅವನ ಬಾಯಿ ಮೂಸುತ್ತಾರೆ. ನಾಚಿಕೆಯಿಲ್ಲದೆ, ಎರಡೆರಡು ಸಲ. ಆಮೇಲೆ ಉಸಿರು ಬಿಟ್ಟು ಪಕ್ಕದಲ್ಲೇ ಕೂರುತ್ತಾರೆ.

“ನೀವೇ ಹೋಗಿ ಚೆಲ್ಲಿಬಿಡಿ ಅಣ್ಣ.”

“ನಾನಾ? ಬೇಡಪ್ಪ. ಹನ್ನೊಂದು ವರ್ಷ ಆದ್ರೂ ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ.”

ಅಣ್ಣ ಜೇಬಿನಿಂದ ಫೋನು ತೆಗೆದು ತಮ್ಮ ಅಕ್ಕನಿಗೆ ಕರೆ ಮಾಡುತ್ತಾರೆ. ಮಂಡಿನೋವಿನ ಅಕ್ಕ ಗೊಣಗುತ್ತಲೇ ಬರುತ್ತಾಳೆ. “ಇಬ್ಬರು ಗಂಡಸರು ಒಂದು ಬಾಟ್ಲಿಗೆ ಹೆದರ್ಕೊಂಡು ಬೀದೀಲಿ ಕೂತಿದ್ದೀರಲ್ಲ. ಸರ್ಕೊಳ್ಳಿ.” ಒಳಗೆ ಬಚ್ಚಲಲ್ಲಿ ನೀರು ಸುರಿಯುವ ಸದ್ದು. ಖಾಲಿ ಬಾಟಲಿಯನ್ನು ಸೆರಗಿನಡಿ ಹಿಡಿದು ಬಂದ ಅಕ್ಕ, ಮಗು ಹೆಣ್ಣೋ ಗಂಡೋ ಎಂದು ಕೇಳುತ್ತಾಳೆ. ಹೆಣ್ಣು ಎನ್ನುವಷ್ಟರಲ್ಲಿ ಪೇಂಟರ್ ಬಿಕ್ಕಿ ಬಿಕ್ಕಿ ಅಳುತ್ತಾನೆ. ನೋಡುವವರ ಮನಸ್ಸೂ ಹಗುರಾಗುತ್ತದೆ.

ಅಂಗಡಿಗೆ ಮರಳಿದರೆ ಕೆಂಡವೆಲ್ಲ ಬೂದಿ. ಅಣ್ಣ ಇಪ್ಪತ್ತಮೂರನೆಯ ಗೀಟು ಎಳೆದು, ತಮ್ಮ ಇಂದಿನ ಮಿಸ್ಡ್ ಕಾಲ್ ಕೊಡಲು ಅಕ್ಕನ ನಂಬರ್ ಒತ್ತುತ್ತಾರೆ. ಅಕ್ಕ ಈಗ ತಾನೇ ನಿಮ್ಮನ್ನು ಕಣ್ಣಾರೆ ನೋಡಿದಳಲ್ಲ ಎಂದರೆ ನಗುತ್ತಾರೆ.

“ನೋಡಿದ್ಲು. ಆದ್ರೂ ಕೊಡ್ಬೇಕು. ನಾನು ಸಾಯೋ ದಿನ ಬೆಳಿಗ್ಗೇನೂ ಅವಳಿಗೊಂದು ಮಿಸ್ಡ್ ಕಾಲ್ ಹೋಗಿರ್ಬೇಕು. ನನಗೆ ಅಷ್ಟೇ ಸಾಕು.”